ವಜ್ರದ ಧೂಳಿನಲ್ಲಿ ಬೆಳಕಿನ ನಡೆ

ಹುಣಸೂರಿನಿಂದ ನಾಗರಹೊಳೆಗೆ ಹೋಗುವ ಹಾದಿಯು ಹೊಲಗಳನ್ನು ಹಿಂದಿಟ್ಟು ಕಾಡನ್ನು ಹೊಗುವ ಎಡೆಯಲ್ಲಿ ವೀರನಹೊಸಹಳ್ಳಿಯಿದೆ. ದಸರೆಗೆ ಮುನ್ನ ಆನೆಗಳನ್ನು ಪೂಜಿಸಿ ಮೈಸೂರಿಗೆ ಬೀಳ್ಕೊಡುವ ಗಜಪಯಣದ ನೆಲೆಯೆಂದು ನಾಡಿಗೆ ಪರಿಚಿತವಾಗಿರುವ ಈ ಊರಿನಲ್ಲಿ, ಮಾಗಿಯ ಮುಂಜಾವಿನ ಹೊತ್ತು ಅರಣ್ಯದ ಅಂಚಿಗೆ ಹೋಗಿ ನಿಂತವರಿಗೆ, ಮರಗಳ ನಡುವಿನಿಂದ ಮಂಜನ್ನು ಹಾಯ್ದು ನೆಲಕ್ಕಿಳಿಯುವ ಬಿಸಿಲುಕೋಲುಗಳ ದರ್ಶನವಾಗುವುದುಂಟು. ಗಾಳಿಯಲ್ಲಿ ತೇಲುವ ನೀರಿನ ಸೂಕ್ಷ್ಮಬಿಂದುಗಳು ಬೆಳಕಿನ ಒಂದಂಶವನ್ನು ಪಕ್ಕಕ್ಕೆ ಚದುರಿಸುವುದರಿಂದಲೇ ಆ ಕಿರಣಗಳು ನಮಗೆ ಗೋಚರವಾಗುವುವು. ಮಂಜು ಕರಗಿದೊಡನೆಯೆ, ಬೆಳಕು ಇದ್ದಲ್ಲಿಯೇ ಇದ್ದರೂ, ಅದರ ಹಾದಿ ಅದೃಶ್ಯವಾಗುವುದು. ಇದು ಬಹುಮಂದಿ ಬಲ್ಲ ವಿಷಯ. ಆದರೆ ಅದೇ ಸ್ಥಳದಲ್ಲಿ, ಅದೇ ಹೊತ್ತಿನಲ್ಲಿ, ಕಣ್ಣೆದುರಿಗಿದ್ದೂ ಗಮನಕ್ಕೆ ಬಾರದೆ ಹೋಗುವ ಮತ್ತೊಂದು ಸಂಗತಿಯಿದೆ. ಚೆಕ್‌ಪೋಸ್ಟಿನ ಕಡೆಗೆ ಬರುವ ಜೀಪಿನ ದೀಪದ ಬೆಳಕು ಆ ಬಿಸಿಲುಕೋಲನ್ನು ಅಡ್ಡಹಾಯ್ದರೆ, ಎರಡರಲ್ಲಿ ಯಾವುದೂ ಬಾಗುವುದಿಲ್ಲ, ಕುಂದುವುದಿಲ್ಲ, ಬಣ್ಣಗೆಡುವುದಿಲ್ಲ. ಒಂದರ ಇರವನ್ನು ಇನ್ನೊಂದು ಅರಿಯದಂತೆಯೇ ಮುಂದುವರಿಯುತ್ತದೆ.

ಬೆಳಕಿನ ಈ ಪರಸ್ಪರ ನಿರ್ಲಿಪ್ತತೆಯನ್ನು ಭೌತವಿಜ್ಞಾನವು ಬಹುಕಾಲ ಬೆಳಕಿನ ಸ್ವಭಾವವೆಂದೇ ಬಗೆದಿತ್ತು. ಗಾಜಿನೊಳಗೆ ಬೆಳಕು ಎಷ್ಟು ಬಾಗುವುದೆಂಬುದು ಗಾಜಿನ ಗುಣವನ್ನು ಅವಲಂಬಿಸಿದೆಯೇ ಹೊರತು ದೀಪದ ಪ್ರಖರತೆಯನ್ನಲ್ಲ. ದೀಪವನ್ನು ಇಮ್ಮಡಿಸಿದರೆ ಗಾಜಿನಾಚೆಗೆ ಬರುವ ಬೆಳಕೂ ಇಮ್ಮಡಿಯಾಗುತ್ತದೆ. ಈ ಸರಳ ಪ್ರಮಾಣದ ಸಂಬಂಧಕ್ಕೆ ರೇಖೀಯವೆಂದು ಹೆಸರು. ಅದು ಹಾಗಿರುವುದಕ್ಕೆ ಕಾರಣ ಬೆಳಕಿನ ಸ್ವಭಾವವಲ್ಲ, ಅದರ ದೌರ್ಬಲ್ಯ. ಬೆಳಕು ವಿದ್ಯುತ್ಕಾಂತೀಯ ಅಲೆ. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಅದರ ವಿದ್ಯುತ್ಕ್ಷೇತ್ರದ ಬಲ ಮೀಟರಿಗೆ 1000 ವೋಲ್ಟಿಗೂ ಮಿಗಿಲಾಗದು. ಪರಮಾಣುವಿನೊಳಗೆ ಎಲೆಕ್ಟ್ರಾನನ್ನು ಹಿಡಿದಿಟ್ಟಿರುವ ಕ್ಷೇತ್ರವಾದರೋ ಮೀಟರಿಗೆ ಹತ್ತು ಸಾವಿರ ಕೋಟಿ ವೋಲ್ಟುಗಳನ್ನೂ ಮೀರಿದ್ದು. ಇಂತಹ ಬಂಧನದಲ್ಲಿರುವ ಎಲೆಕ್ಟ್ರಾನನ್ನು ಬಿಸಿಲು ಎಳ್ಳಷ್ಟು ಅಲುಗಿಸಿ ಬಿಡುತ್ತದೆ, ಮತ್ತೇನನ್ನೂ ಮಾಡಲಾರದು. ಕ್ಷೇತ್ರದ ಬಲವು ಪರಮಾಣುವಿನ ಕ್ಷೇತ್ರದ ಸಮೀಪಕ್ಕೆ ಏರತೊಡಗಿದರೆ ಮಾತ್ರ ವಸ್ತುವು ತನ್ನ ನಡತೆಯನ್ನು ಬದಲಿಸಿಕೊಳ್ಳತೊಡಗುತ್ತದೆ. ಆಗ ಬೆಳಕು ತಾನು ಹಾಯುವ ಮಾಧ್ಯಮವನ್ನು ತಾನೇ ಮಾರ್ಪಡಿಸುತ್ತ, ಹಾಗೆ ಮಾರ್ಪಟ್ಟ ಮಾಧ್ಯಮದಿಂದ ತಾನೂ ಮಾರ್ಪಡುತ್ತ ಸಾಗುತ್ತದೆ. ಅರೇಖೀಯ ದ್ಯುತಿವಿಜ್ಞಾನವೆಂಬ ಶಾಸ್ತ್ರವು ಈ ಪರಸ್ಪರ ವ್ಯವಹಾರದ ಅಧ್ಯಯನ. ನೀರಿನಲ್ಲಿ ತೇಲಿಸಿದ ವಜ್ರದ ಧೂಳಿನ ಮೇಲೆ, ಒಂದು ಸೆಕೆಂಡಿನ ಲಕ್ಷಕೋಟಿ ಭಾಗಗಳಲ್ಲಿ ಒಂದು ಭಾಗಕ್ಕಿಂತಲೂ ಕಿರಿದಾದ ಲೇಸರು ಮಿಡಿತವನ್ನು ಹಾಯಿಸಿದಾಗ ಏನಾಗುವುದೆಂಬ ಪ್ರಶ್ನೆ ಆ ಶಾಸ್ತ್ರದಲ್ಲಿ ನನಗೆ ಅತ್ಯಂತ ಆಕರ್ಷಕವಾಗಿ ತೋರಿರುವುದು. ಈ ಪ್ರಶ್ನೆಯ ಬೇರುಗಳು ನಾವು ಎಣಿಸದಷ್ಟು ಆಳವಾಗಿ ಕನ್ನಡ ನೆಲದಲ್ಲಿ ಇಳಿದಿವೆ.

ಜರ್ಮನಿಯ ಗೊಟ್ಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಮಾರಿಯಾ ಗೊಪ್ಪರ್ಟ್ ಎಂಬ ತರುಣಿ, ಮ್ಯಾಕ್ಸ್ ಬಾರ್ನ್ ಅವರ ಶಿಷ್ಯೆಯಾಗಿ, 1930ರಲ್ಲಿ ಒಪ್ಪಿಸಿದ ಡಾಕ್ಟರೇಟ್ ಪ್ರಬಂಧದಲ್ಲಿ, ಪರಮಾಣುವು ಫೋಟಾನುಗಳೆಂಬ ಬೆಳಕಿನ ಕಣಗಳಲ್ಲಿ ಎರಡನ್ನು ಏಕಕಾಲದಲ್ಲಿ ನುಂಗಬಲ್ಲುದೆಂದು ಗಣಿತದಿಂದ ಸಾಧಿಸಿ ತೋರಿಸಿದಳು. ಹುಣಸೂರಿನ ಹೊಗೆಸೊಪ್ಪಿನ ಹರಾಜುಕಟ್ಟೆಯಲ್ಲಿ ಒಬ್ಬನ ತೋಳಿಗೆ ಏಳದ ಬೇಲನ್ನು ಇಬ್ಬರು ಒಟ್ಟಿಗೆ ಹಿಡಿದು ಎತ್ತುತ್ತಾರೆ; ಒಬ್ಬನು ಈಗ ಎತ್ತಿ ಸೋತುಹೋಗಿ, ಇನ್ನೊಬ್ಬನು ಆಮೇಲೆ ಬಂದು ಎತ್ತಿದರೆ ಬೇಲು ನೆಲಬಿಟ್ಟು ಏಳದು. ಹಾಗೆಯೇ, ಒಂದು ಫೋಟಾನಿನ ಶಕ್ತಿ ಸಾಲದಿರುವ ಕಡೆ ಎರಡು ಫೋಟಾನುಗಳು ಒಂದೇ ಕ್ಷಣದಲ್ಲಿ, ಒಂದೇ ಪರಮಾಣುವಿನ ಬಳಿ ಕೂಡಿದರೆ ಕಾರ್ಯವು ಸಿದ್ಧಿಸುವುದು. ಅಂತಹ ಕೂಟವು ಆಕಸ್ಮಿಕವಾದುದರಿಂದ ಅದರ ಸಂಭವವು ಬೆಳಕಿನ ತೀವ್ರತೆಯ ವರ್ಗವನ್ನು ಅನುಸರಿಸುತ್ತದೆ; ತೀವ್ರತೆ ಇಮ್ಮಡಿಯಾದರೆ ಹೀರಿಕೆ ನಾಲ್ಮಡಿಯಾಗುತ್ತದೆ. ಆ ಕಾಲದ ದೀಪಗಳಲ್ಲಿ ಇದನ್ನು ಪರೀಕ್ಷಿಸಿ ನೋಡುವಷ್ಟು ಪ್ರಖರವಾದುದು ಒಂದೂ ಇರಲಿಲ್ಲ. ಸಿದ್ಧಾಂತವು ಮೂರು ದಶಕಗಳ ಕಾಲ ಪ್ರಯೋಗವನ್ನು ಕಾದು ಕುಳಿತಿತು. ಮುಂದೆ ಗೊಪ್ಪರ್ಟ್-ಮೇಯರ್ ಎಂದು ಹೆಸರಾದ ಆಕೆಗೆ 1963ರಲ್ಲಿ ನೊಬೆಲ್ ಪಾರಿತೋಷಕ ಬಂದುದು ಪರಮಾಣು ಬೀಜದ ರಚನೆಯನ್ನು ಕುರಿತ ಬೇರೊಂದು ಸಾಧನೆಗಾಗಿ.

ಆಕೆಯ ಗುರು ಬಾರ್ನ್ ಅವರು, ಹಿಟ್ಲರನ ಆಡಳಿತದಿಂದ ನೆಲೆ ಕಳೆದುಕೊಂಡವರಾಗಿ, ಸಿ. ವಿ. ರಾಮನ್ ಅವರ ಆಹ್ವಾನದ ಮೇಲೆ 1935ರ ಕೊನೆಯಲ್ಲಿ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲವು ತಿಂಗಳು ಇದ್ದರು. ಅವರನ್ನು ಇಲ್ಲಿಯೇ ಉಳಿಸಿಕೊಳ್ಳಬೇಕೆಂದು ರಾಮನ್ ಅವರು ಮಾಡಿದ ಪ್ರಯತ್ನ ಕೈಗೂಡಲಿಲ್ಲ. ಮುಂದೆ ಆ ಇಬ್ಬರ ನಡುವೆ ದೀರ್ಘವೂ ಕಟುವೂ ಆದ ವಾದವೊಂದು ಬೆಳೆಯಿತು, ಮತ್ತು ಆ ವಾದದ ಕೇಂದ್ರದಲ್ಲಿದ್ದ ವಸ್ತು ವಜ್ರ. ವಜ್ರದ ಹರಳಿನೊಳಗೆ ಕಾರ್ಬನ್ ಪರಮಾಣುಗಳು ಹೇಗೆ ಕಂಪಿಸುತ್ತವೆಂಬುದನ್ನು ಕುರಿತು ಬಾರ್ನ್ ಅವರದು ಒಂದು ಸಿದ್ಧಾಂತ, ರಾಮನ್ ಅವರದು ಇನ್ನೊಂದು. ಜಗತ್ತಿನ ವಿದ್ವಾಂಸರು ಕಡೆಗೆ ಬಾರ್ನ್ ಅವರ ಪಕ್ಷವನ್ನೇ ಒಪ್ಪಿದರು. ಆದರೂ ಆ ವಾದದ ನಿಮಿತ್ತವಾಗಿ ಬೆಂಗಳೂರಿನಲ್ಲಿ ವಜ್ರವನ್ನು ಕುರಿತು ನಡೆದಷ್ಟು ಸೂಕ್ಷ್ಮವಾದ ಅಳತೆಗಳು ಆ ಕಾಲದಲ್ಲಿ ಬೇರೆಡೆ ನಡೆದುದು ವಿರಳ. 1944ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯು ವಜ್ರದ ರಚನೆ ಮತ್ತು ಗುಣಗಳಿಗೇ ಮೀಸಲಾದ ಒಂದು ಪ್ರಬಂಧಸಂಕಲನವನ್ನು ಹೊರತಂದು, ಎರಡು ವರ್ಷಗಳ ಬಳಿಕ ಮತ್ತೊಂದನ್ನು ಪ್ರಕಟಿಸಿತು.

ಆ ಅಳತೆಗಳನ್ನು ಮಾಡಿದವರಲ್ಲಿ ಅಣ್ಣಾ ಮಣಿಯವರ ಹೆಸರನ್ನು ನಾವು ಗೌರವದಿಂದ ನೆನೆಯಬೇಕು. ತಿರುವಾಂಕೂರಿನ ಪೀರುಮೇಡಿನಲ್ಲಿ ಹುಟ್ಟಿದ ಈಕೆ 1940ರಲ್ಲಿ ರಾಮನ್ ಅವರ ಪ್ರಯೋಗಶಾಲೆಯನ್ನು ಸೇರಿ, ಮೂವತ್ತಕ್ಕೂ ಹೆಚ್ಚು ವಜ್ರಗಳನ್ನು ತೆಗೆದುಕೊಂಡು, ಅವುಗಳ ಪ್ರದೀಪ್ತಿ, ಹೀರಿಕೆ, ರಾಮನ್ ರೋಹಿತಗಳನ್ನು ಒಂದೊಂದಾಗಿ ದಾಖಲಿಸಿದರು. ವಜ್ರವನ್ನು ದ್ರವವಾಯುವಿನ ಶೈತ್ಯದಲ್ಲಿರಿಸಿ, ಅದರಿಂದ ಹೊರಡುವ ಕ್ಷೀಣಕಾಂತಿಯು ಛಾಯಾಫಲಕದ ಮೇಲೆ ಗುರುತು ಮಾಡುವವರೆಗೆ ಹದಿನೈದು ಇಪ್ಪತ್ತು ಗಂಟೆಗಳ ಕಾಲ ಕಾಯಬೇಕಾಗುತ್ತಿತ್ತು; ಈ ಕಾರ್ಯಕ್ಕಾಗಿ ಅವರು ಎಷ್ಟೋ ರಾತ್ರಿಗಳನ್ನು ಪ್ರಯೋಗಶಾಲೆಯಲ್ಲಿಯೇ ಕಳೆದರು. ತಮ್ಮ ಹೆಸರೊಂದರಲ್ಲಿಯೇ ಐದು ಪ್ರಬಂಧಗಳನ್ನು ಪ್ರಕಟಿಸಿ, 1945ರಲ್ಲಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಮಹಾಪ್ರಬಂಧವನ್ನು ಒಪ್ಪಿಸಿದರು. ಎಂ.ಎಸ್ಸಿ. ಪದವಿಯಿಲ್ಲವೆಂಬ ಕಾರಣದಿಂದ ಅವರಿಗೆ ಡಾಕ್ಟರೇಟ್ ದೊರೆಯಲಿಲ್ಲ. ಇದು ಅನ್ಯಾಯವೆಂದು ಹೇಳಲು ನನಗೆ ಸಂಕೋಚವಿಲ್ಲ. ಆ ಪ್ರಬಂಧವು ಇಂದಿಗೂ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿದೆ; ಅಣ್ಣಾ ಮಣಿಯವರು ಮುಂದೆ ಹವಾಮಾನಶಾಸ್ತ್ರದ ಉಪಕರಣಗಳ ಕ್ಷೇತ್ರದಲ್ಲಿ ದೇಶಕ್ಕೆ ಮಾಡಿದ ಸೇವೆ ಪ್ರಸಿದ್ಧವಾಗಿದೆ.

ಕೆಲವು ವಜ್ರಗಳು ಅತಿನೇರಳೆ ಬೆಳಕನ್ನು ತಡೆಯುತ್ತವೆ, ಕೆಲವು ಬಿಡುತ್ತವೆ; ಕೆಲವು ನೀಲಿಯಾಗಿ ಹೊಳೆಯುತ್ತವೆ, ಕೆಲವು ಹೊಳೆಯುವುದೇ ಇಲ್ಲ. ಈ ಭೇದಗಳು ಪರಮಾಣುಗಳ ಜೋಡಣೆಯಲ್ಲಿಯೇ ಇರುವ ವೈವಿಧ್ಯದಿಂದ ಉಂಟಾದುವೆಂದು ರಾಮನ್ ಅವರು ಭಾವಿಸಿದ್ದರು. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ವುಲ್ಫ್‌ಗಾಂಗ್ ಕೈಸರ್ ಮತ್ತು ಬಾಂಡ್ ಎಂಬುವರು 1959ರಲ್ಲಿ, ಸಾಮಾನ್ಯ ವಜ್ರಗಳಲ್ಲಿ ಸಾರಜನಕವು ಬೆರೆತಿರುವುದೇ ಈ ಭೇದಕ್ಕೆ ಮುಖ್ಯ ಕಾರಣವೆಂದು ತೋರಿಸಿದರು. ಕೃತಕ ಮಾಣಿಕ್ಯದ ಕಡ್ಡಿಯೊಂದರಿಂದ ಥಿಯೊಡೋರ್ ಮೈಮನ್ ಅವರು ಮೊದಲ ಲೇಸರನ್ನು ಬೆಳಗಿಸಿದುದು ಮರುವರ್ಷ, 1960ರಲ್ಲಿ. ಅದರ ಮರುವರ್ಷವೇ, ಆ ಕೈಸರ್ ಅವರೇ, ಗ್ಯಾರೆಟ್ ಎಂಬುವರೊಡನೆ ಕೂಡಿ, ಲೇಸರಿನ ಬೆಳಕಿನಲ್ಲಿ ಎರಡು ಫೋಟಾನುಗಳ ಹೀರಿಕೆಯನ್ನು ಪ್ರತ್ಯಕ್ಷ ಕಂಡರು. ಬಾರ್ನ್ ಅವರ ಶಿಷ್ಯೆ ಲೆಕ್ಕದಲ್ಲಿ ಕಂಡದ್ದು ವಜ್ರದ ಕಲ್ಮಷವನ್ನು ಗುರುತಿಸಿದ ಕೈಗಳಿಂದ ಪ್ರಯೋಗಕ್ಕೆ ಇಳಿಯಿತು. ಸಿದ್ಧಾಂತಗಳು ಬಿದ್ದುಹೋದ ಮೇಲೂ ನಿಷ್ಠೆಯಿಂದ ಮಾಡಿದ ಅಳತೆ ನಿಲ್ಲುತ್ತದೆಂಬುದಕ್ಕೆ ಬೆಂಗಳೂರಿನ ಆ ರೋಹಿತಗಳು ಸಾಕ್ಷಿ. ಅವುಗಳಲ್ಲಿ ದಾಖಲಾದ ಪ್ರದೀಪ್ತಿಯ ರೇಖೆಗಳನ್ನು ಇಂದು ಸಾರಜನಕದ ದೋಷಕೇಂದ್ರಗಳ ಭಾಷೆಯಲ್ಲಿ ಓದುತ್ತಾರೆ.

ಆ ಮೊದಲ ಲೇಸರಿನ ಮಾಣಿಕ್ಯವೆಂದರೆ ಕುರಂದವೇ; ಅಲ್ಯುಮಿನಿಯಮಿನ ಆಕ್ಸೈಡಿನ ಹರಳಿನಲ್ಲಿ ಕ್ರೋಮಿಯಂ ತುಸು ಬೆರೆತರೆ ಅದು ಕೆಂಪಗಾಗುತ್ತದೆ. ಹೆಗ್ಗಡದೇವನಕೋಟೆಗೆ ತೆಂಕಣ ಸರಗೂರಿನ ಸುತ್ತಿನ ಶಿಲೆಗಳು, 300 ಕೋಟಿ ವರ್ಷಗಳಿಗೂ ಹಿಂದಿನವು, ಭೂವಿಜ್ಞಾನದಲ್ಲಿ ಆ ಊರಿನ ಹೆಸರಿನಿಂದಲೇ ಖ್ಯಾತವಾಗಿವೆ; ಕುರಂದವೂ ಗ್ರಾಫೈಟೂ ಆ ಶಿಲಾವರ್ಗದಲ್ಲಿ ದೊರಕುವ ಖನಿಜಗಳು. ಕ್ರೋಮಿಯಮಿನ ಬದಲು ಟೈಟೇನಿಯಮನ್ನು ಬೆರೆಸಿದ ಕುರಂದದ ಹರಳಿನಿಂದ ಪೀಟರ್ ಮೋಲ್ಟನ್ ಅವರು 1982ರಲ್ಲಿ ನಿರ್ಮಿಸಿದ ಟೈಟೇನಿಯಂ-ನೀಲಮಣಿಯ ಲೇಸರು ಇಂದು ಅತಿವೇಗದ ಬೆಳಕಿನ ಪ್ರಯೋಗಶಾಲೆಗಳಲ್ಲಿ ಎಲ್ಲೆಲ್ಲಿಯೂ ಇದೆ. ಅದು ಹೊರಸೂಸುವ ಮಿಡಿತಗಳು ಹತ್ತಾರು ಫೆಮ್ಟೊಸೆಕೆಂಡುಗಳಷ್ಟು ಅಲ್ಪಾಯುಷಿಗಳು. ಒಂದು ಸೆಕೆಂಡನ್ನು ಕೋಟಿ ಭಾಗ ಮಾಡಿ, ಅದರೊಂದು ಭಾಗವನ್ನು ಮತ್ತೆ ಹತ್ತು ಕೋಟಿ ಭಾಗ ಮಾಡಿದರೆ ಬರುವುದು ಒಂದು ಫೆಮ್ಟೊಸೆಕೆಂಡು. ಇಂತಹ ಮಿಡಿತವನ್ನು ನೇರವಾಗಿ ವರ್ಧಿಸಹೋದರೆ ವರ್ಧಕದ ಹರಳೇ ಒಡೆಯುವುದು. ಆದುದರಿಂದ ಮಿಡಿತವನ್ನು ಮೊದಲು ಕಾಲದಲ್ಲಿ ಹಿಗ್ಗಿಸಿ, ವರ್ಧಿಸಿ, ಕಡೆಗೆ ಕುಗ್ಗಿಸುವ ಉಪಾಯವನ್ನು ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮೂರು ಅವರು 1985ರಲ್ಲಿ ಕಂಡುಹಿಡಿದರು. 2018ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೆ ಪಾಲು ಬಂದಿತು. ಹೀಗೆ ವರ್ಧಿಸಿದ ಒಂದು ಮಿಡಿತದಲ್ಲಿ ಒಂದು ಮಿಲಿಜೂಲು ಶಕ್ತಿಯಿರಬಹುದು, ಅಂದರೆ ಒಂದು ಗ್ರಾಮಿನ ತೂಕವನ್ನು ನೆಲದಿಂದ ಹತ್ತು ಸೆಂಟಿಮೀಟರು ಎತ್ತುವಷ್ಟು. ಅಷ್ಟು ಅಲ್ಪವಾದ ಶಕ್ತಿಯು 100 ಫೆಮ್ಟೊಸೆಕೆಂಡಿನಲ್ಲಿ ಹರಿದುಹೋದರೆ, ಆ ಕ್ಷಣದ ಮಟ್ಟಿಗೆ ಅದರ ಸಾಮರ್ಥ್ಯ 10,000 ಮೆಗಾವಾಟು. 1035 ಮೆಗಾವಾಟಿನ ಶರಾವತಿ ವಿದ್ಯುದಾಗಾರದ ಸಾಮರ್ಥ್ಯದ ಹತ್ತು ಮಡಿಗೆ ಹತ್ತಿರ.

ಪರಮಾಣುಗಳ ಕಂಪನವನ್ನು ಸೂಚಿಸುವ ವಜ್ರದ ರಾಮನ್ ರೇಖೆಯು ಸೆಂಟಿಮೀಟರಿಗೆ 1332 ಅಲೆಗಳೆಂಬ ಸ್ಥಾನದಲ್ಲಿರುವುದು 1930ರಿಂದಲೂ ತಿಳಿದಿರುವ ಸಂಗತಿ. ಅದನ್ನು ಕಾಲದ ಲೆಕ್ಕಕ್ಕೆ ತಂದರೆ, ವಜ್ರದೊಳಗಿನ ಕಾರ್ಬನ್ ಪರಮಾಣುಗಳು ಒಂದು ಸಲ ಹೋಗಿಬರುವುದಕ್ಕೆ ಹಿಡಿಯುವ ಹೊತ್ತು 25 ಫೆಮ್ಟೊಸೆಕೆಂಡು. 100 ಫೆಮ್ಟೊಸೆಕೆಂಡಿನ ಮಿಡಿತವು ವಜ್ರವನ್ನು ಹಾಯುವಷ್ಟರಲ್ಲಿ ಆ ಪರಮಾಣುಗಳು ನಾಲ್ಕೇ ನಾಲ್ಕು ಸಲ ತೂಗಿರುತ್ತವೆ. ಅಣ್ಣಾ ಮಣಿಯವರು ಇಪ್ಪತ್ತು ಗಂಟೆಗಳ ಕಾಲ ಶೇಖರಿಸಿದ ರೇಖೆಯು ಲೆಕ್ಕಕ್ಕೆ ಸಿಕ್ಕದಷ್ಟು ಕಂಪನಗಳ ಒಟ್ಟು ಸಾರ. ಈಗಿನ ಪ್ರಯೋಗಕಾರನು ಅದೇ ಕಂಪನವನ್ನು ಒಂದೊಂದಾಗಿ ಎಣಿಸುವಷ್ಟು ಹತ್ತಿರಕ್ಕೆ ಹೋಗಿದ್ದಾನೆ. ಒಂದು ಪದಾರ್ಥವನ್ನು ಎಷ್ಟು ಹೊತ್ತು ಪ್ರಶ್ನಿಸುತ್ತೇವೆಂಬುದರ ಮೇಲೆ ಅದು ಕೊಡುವ ಉತ್ತರವೇ ಬೇರೆಯಾಗುವುದೆಂಬುದು ಈ ಲೇಖನದಲ್ಲಿ ನಾನು ಹೇಳಬಯಸುವ ಮುಖ್ಯ ವಿಷಯ; ವಜ್ರದ ಧೂಳಿನಲ್ಲಿ ಅದು ಕಾಣುವಷ್ಟು ಸ್ಫುಟವಾಗಿ ಬೇರೆ ಪದಾರ್ಥಗಳಲ್ಲಿ ಕಾಣುವುದು ಅಪರೂಪ.

ಈ ಧೂಳಿನ ಜನ್ಮವೃತ್ತಾಂತ ವಿಲಕ್ಷಣವಾದುದು. ಸೋವಿಯತ್ ದೇಶದಲ್ಲಿ 1963ರಲ್ಲಿ, ಟಿ.ಎನ್.ಟಿ. ಮತ್ತು ಆರ್.ಡಿ.ಎಕ್ಸ್. ಎಂಬ ಸ್ಫೋಟಕಗಳನ್ನು ಮುಚ್ಚಿದ ಕೋಣೆಯಲ್ಲಿ ಸಿಡಿಸಿ ನೋಡಿದಾಗ, ಉಳಿದ ಮಸಿಯಲ್ಲಿ ವಜ್ರವಿರುವುದು ಕಂಡುಬಂದಿತು. ಸ್ಫೋಟಕದೊಳಗಣ ಕಾರ್ಬನ್ ಸಂಪೂರ್ಣವಾಗಿ ಸುಡುವಷ್ಟು ಆಮ್ಲಜನಕ ಅಲ್ಲಿಲ್ಲ. ಉಳಿದ ಕಾರ್ಬನ್ನು ಅತ್ಯಧಿಕವಾದ ಒತ್ತಡದಲ್ಲಿ ಕ್ಷಣಾರ್ಧಕ್ಕಿಂತಲೂ ಕಿರಿದಾದ ಕಾಲ ಸಿಲುಕಿ ವಜ್ರವಾಗಿ ಘನೀಭವಿಸುತ್ತದೆ. ಬೆಳೆಯುವುದಕ್ಕೆ ಅವಕಾಶವಿಲ್ಲದುದರಿಂದ ಕಣದ ಗಾತ್ರ ನಾಲ್ಕೈದು ನ್ಯಾನೊಮೀಟರಿಗೇ ನಿಲ್ಲುತ್ತದೆ. ರಕ್ಷಣಾ ರಹಸ್ಯವಾಗಿ ಮುಚ್ಚಿಟ್ಟಿದ್ದ ಈ ವಿಷಯ ಪಾಶ್ಚಾತ್ಯ ಲೋಕಕ್ಕೆ ಸ್ಪಷ್ಟವಾಗಿ ತಿಳಿದುದು 1988ರಲ್ಲಿ. ಅಂತಹ ಒಂದು ಕಣದಲ್ಲಿ ಹತ್ತು ಸಾವಿರದ ಆಸುಪಾಸಿನಷ್ಟು ಪರಮಾಣುಗಳಿರುತ್ತವೆ; ಅವುಗಳಲ್ಲಿ ಗಣನೀಯ ಭಾಗ ಮೇಲ್ಮೈಯಲ್ಲಿಯೇ ಇರುವುದು. ಒಳಗಿನ ತಿರುಳು ವಜ್ರ. ಮೇಲ್ಮೈಯಲ್ಲಿ, ನೆರೆಯ ಪರಮಾಣುವಿಲ್ಲದೆ ಒಂಟಿಯಾದ ಬಂಧಗಳು ತಮ್ಮತಮ್ಮಲ್ಲಿ ಹೊಂದಿಕೊಂಡು, ಗ್ರಾಫೈಟಿನ ಸ್ವಭಾವದ ತೆಳುವಾದ ಚರ್ಮವೊಂದನ್ನು ಹೆಣೆದುಕೊಳ್ಳುತ್ತವೆ. ಆ ಚರ್ಮದ ಮಹಿಮೆಯಿಂದ ಕಣಗಳು ಒಂದನ್ನೊಂದು ಬಿಗಿಯಾಗಿ ಕಚ್ಚಿಕೊಂಡು ಗೊಂಚಲಾಗುವುದೂ ಉಂಟು. ಆ ಗೊಂಚಲುಗಳನ್ನು ಸೂಕ್ಷ್ಮ ಮಣಿಗಳ ನಡುವೆ ಅರೆದು ಬಿಡಿಬಿಡಿಯಾಗಿಸುವ ವಿಧಾನವನ್ನು ಜಪಾನಿನ ಎಯ್ಜಿ ಒಸಾವ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದರು. ಅರವತ್ತು ಕಾರ್ಬನ್ನುಗಳ ಚೆಂಡಿನಾಕಾರದ ಅಣುವು ಸಾಧ್ಯವೆಂದು 1970ರಲ್ಲಿಯೇ ಬರೆದವರು ಇವರೇ.

ಇನ್ನು ಪ್ರಯೋಗ. ಇಂತಹ ಕಣಗಳನ್ನು ಶುದ್ಧ ನೀರಿನಲ್ಲಿ ನಿಲಂಬಿಸಿ, ಒಂದೆರಡು ಮಿಲಿಮೀಟರು ದಪ್ಪದ ಗಾಜಿನ ಕೋಶದಲ್ಲಿ ತುಂಬುತ್ತಾರೆ. ಲೇಸರಿನ ಕಿರಣವನ್ನು ಮಸೂರದಿಂದ ಒಂದು ಬಿಂದುವಿಗೆ ಕೂಡಿಸಿ, ಕೋಶವನ್ನು ಆ ಬಿಂದುವಿನ ಹಿಂದಿನಿಂದ ಮುಂದಕ್ಕೆ ನಿಧಾನವಾಗಿ ಸರಿಸುತ್ತ, ಆಚೆಗೆ ಬರುವ ಬೆಳಕನ್ನು ಅಳೆಯುತ್ತಾರೆ. ಜ಼ೆಡ್-ಸ್ಕ್ಯಾನ್ ಎಂಬ ಈ ವಿಧಾನವನ್ನು ಮನ್ಸೂರ್ ಶೇಖ್-ಬಹಾಯಿ ಮತ್ತು ಅವರ ಸಹೋದ್ಯೋಗಿಗಳು 1989ರಲ್ಲಿ ರೂಪಿಸಿದರು. ಉಪಕರಣದ ಸರಳತೆ ಮತ್ತು ಫಲದ ನಿಷ್ಕೃಷ್ಟತೆ ಎರಡನ್ನೂ ಒಟ್ಟಿಗೆ ನೋಡಿದರೆ ನನ್ನ ಮಟ್ಟಿಗೆ ಇದು ಆ ಶತಮಾನದ ಸುಂದರ ಪ್ರಯೋಗಗಳಲ್ಲೊಂದು. ಬರುವ ಬೆಳಕನ್ನೆಲ್ಲ ಅಳೆದರೆ ಹೀರಿಕೆ ಎಷ್ಟೆಂದು ತಿಳಿಯುತ್ತದೆ. ಆಚೆಯ ಬೆಳಕಿನ ಹಾದಿಯಲ್ಲಿ ಸಣ್ಣ ರಂಧ್ರವುಳ್ಳ ತಡೆಯನ್ನಿಟ್ಟು ಅಳೆದರೆ ವಕ್ರೀಭವನದ ಬದಲಾವಣೆ ತಿಳಿಯುತ್ತದೆ. ಏಕೆಂದರೆ ಪ್ರಖರವಾದ ಕಿರಣದ ನಡುಭಾಗದಲ್ಲಿ ವಕ್ರೀಭವನ ಸೂಚ್ಯಂಕವು ಹೆಚ್ಚಿದರೆ ದ್ರವವೇ ಒಂದು ಮಸೂರವಾಗಿ, ಬೆಳಕನ್ನು ಇನ್ನಷ್ಟು ಕೂಡಿಸುತ್ತದೆ; ತಗ್ಗಿದರೆ ಚೆದರಿಸುತ್ತದೆ. ರಂಧ್ರದಾಚೆಗಿನ ಬೆಳಕು ಮೊದಲು ತಗ್ಗಿ ಬಳಿಕ ಉಬ್ಬಿದರೆ ಕೂಡಿಸುವ ಮಸೂರ. ಮೊದಲು ಉಬ್ಬಿ ಬಳಿಕ ತಗ್ಗಿದರೆ ಚೆದರಿಸುವ ಮಸೂರ.

ಮೊದಲು ನ್ಯಾನೊಸೆಕೆಂಡಿನ ಮಿಡಿತವನ್ನು ಹಾಯಿಸಿ ನೋಡೋಣ. ಅದು ಫೆಮ್ಟೊಸೆಕೆಂಡಿಗಿಂತ ಹತ್ತು ಲಕ್ಷ ಮಡಿ ದೀರ್ಘ. ಕ್ಷೀಣವಾದ ಮಿಡಿತವು ಕೋಶವನ್ನು ನಿರಾತಂಕವಾಗಿ ದಾಟಿಹೋಗುತ್ತದೆ. ತೀವ್ರತೆಯು ಒಂದು ಮಿತಿಯನ್ನು ಮೀರಿದೊಡನೆ ದ್ರವವು ಬೆಳಕನ್ನು ಬಿಡಲೊಲ್ಲದು. ಹೆಚ್ಚು ಹಾಯಿಸಿದಷ್ಟೂ ಪ್ರಮಾಣದಲ್ಲಿ ಕಡಮೆ ಬೆಳಕು ಆಚೆಗೆ ಬರುತ್ತದೆ. ಇದರ ಕಾರಣವು ವಜ್ರದ ತಿರುಳಿನಲ್ಲಿಲ್ಲ. ವಜ್ರದಲ್ಲಿ ಎಲೆಕ್ಟ್ರಾನನ್ನು ಬಿಡಿಸಲು ಬೇಕಾದ ಶಕ್ತಿ ಸುಮಾರು 5.5 ಎಲೆಕ್ಟ್ರಾನ್‌ವೋಲ್ಟು, 532 ನ್ಯಾನೊಮೀಟರಿನ ಹಸಿರು ಬೆಳಕಿನ ಫೋಟಾನಿನಲ್ಲಿರುವುದು 2.33. ಎರಡು ಕೂಡಿದರೂ ಸಾಲದು, ಮೂರು ಕೂಡಬೇಕು. ಆದರೆ ಮೇಲಿನ ಗ್ರಾಫೈಟಿನ ಚರ್ಮಕ್ಕೆ ಒಂದೇ ಸಾಕು. ಅದು ಬೆಳಕನ್ನು ಹೀರಿ ಕಾಯುತ್ತದೆ. ಐದು ನ್ಯಾನೊಮೀಟರಿನ ಕಣವು ತನ್ನ ಬಿಸಿಯನ್ನು ಸುತ್ತಲ ನೀರಿಗೆ ದಾಟಿಸಲು ಹತ್ತಾರು ಪಿಕೊಸೆಕೆಂಡುಗಳು ಸಾಕಾದುದರಿಂದ, ಮಿಡಿತವು ಇನ್ನೂ ಹಾಯುತ್ತಿರುವಾಗಲೇ ನೀರು ಕುದಿದು ಕಣದ ಸುತ್ತ ಆವಿಯ ಗುಳ್ಳೆಯೇಳುತ್ತದೆ. ಆ ಗುಳ್ಳೆಗಳು ಹಿಂಬರುವ ಬೆಳಕನ್ನು ಸುತ್ತಲೂ ಚದುರಿಸುತ್ತವೆ. ಕೋಶದ ಪಕ್ಕದಲ್ಲಿ ಇನ್ನೊಂದು ಬೆಳಕಿನಳೆಯನ್ನಿಟ್ಟರೆ, ನೇರದಲ್ಲಿ ಕುಂದಿದ ಬೆಳಕು ಪಕ್ಕಕ್ಕೆ ಹೊಮ್ಮುತ್ತಿರುವುದು ತಾನಾಗಿ ಸಾಬೀತಾಗುವುದು. ಮಿಡಿತದ ಮುಂಭಾಗವು ಹಿಂಭಾಗದ ಹಾದಿಯನ್ನು ಮುಚ್ಚುವುದೆಂದು ಇದರ ತಾತ್ಪರ್ಯ.

ಇದೇ ಧರ್ಮವು ಮಸಿಯಲ್ಲಿಯೂ ಇದೆ. ಓಲೆಗರಿಗಳ ಮೇಲೆ ಕಂಟದಿಂದ ಕೊರೆದ ಅಕ್ಷರಗಳು ಕಾಣಲೆಂದು ನಮ್ಮ ಹಿರಿಯರು ಬಳಿಯುತ್ತಿದ್ದ ಕಾಡಿಗೆಯೂ ಕಾರ್ಬನ್ನಿನ ಕಣಗಳೇ. ನೀರಿಗೆ ಬೆರೆಸಿದ ಅಂತಹ ಮಸಿಯು ತೀವ್ರವಾದ ಲೇಸರನ್ನು ತಡೆಯುವ ಬಗೆಯನ್ನು ಮನ್ಸೂರ್ (ಶೇಖ್-ಬಹಾಯಿ ಅಲ್ಲ, ಬೇರೊಬ್ಬರು), ಸೊಯ್ಲೊ, ವಾನ್ ಸ್ಟ್ರೈಲ್ಯಾಂಡ್ ಅವರು 1992ರಲ್ಲಿ ವಿಶದವಾಗಿ ವಿವರಿಸಿದರು. ಮಸಿಗೂ ನಮ್ಮ ವಜ್ರದ ಧೂಳಿಗೂ, ಅಂದರೆ ನ್ಯಾನೊವಜ್ರಕ್ಕೂ, ಇರುವ ವ್ಯತ್ಯಾಸವೆಂದರೆ ಕಣದೊಳಗಣ ಗಟ್ಟಿ ತಿರುಳು. ನ್ಯಾನೊವಜ್ರವನ್ನು ಕಾಯಿಸಿ, ಅದರ ಚರ್ಮವು ಒಳಕ್ಕೊಳಕ್ಕೆ ಬೆಳೆದು ಈರುಳ್ಳಿಯಂತೆ ಪದರಪದರವಾದ ಕಾರ್ಬನ್ನಾಗುವಂತೆ ಮಾಡಿದರೆ, ಬೆಳಕನ್ನು ತಡೆಯುವ ಶಕ್ತಿ ಮೂಲವಜ್ರಕ್ಕಿಂತ ಹೆಚ್ಚುವುದೆಂದು ಗ್ರೀಸಿನ ಕೌಡೌಮಾಸ್ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದರು. ಆ ಶಕ್ತಿಯು ಚರ್ಮದ್ದೇ ಎಂಬುದನ್ನು ಇದು ಬಲಪಡಿಸುತ್ತದೆ.

ಈಗ ಅದೇ ಕೋಶದಲ್ಲಿ 800 ನ್ಯಾನೊಮೀಟರಿನ, 100 ಫೆಮ್ಟೊಸೆಕೆಂಡಿನ ಮಿಡಿತವನ್ನು ಹಾಯಿಸಿದರೆ ಇಡೀ ಕಥೆ ತಿರುವುಮುರುವಾಗುವುದು. ಅಷ್ಟು ಹೊತ್ತಿನಲ್ಲಿ ಬೆಳಕು ನೀರಿನಲ್ಲಿ ಸಾಗುವ ದೂರ 0.02 ಮಿಲಿಮೀಟರು; ಕೋಶದೊಳಗೆ ಯಾವುದೇ ಕ್ಷಣದಲ್ಲಿ ನೋಡಿದರೂ ಮಿಡಿತವು ಅಷ್ಟೇ ದಪ್ಪದ ಬೆಳಕಿನ ಹಾಳೆ. ಕಣದ ಬಿಸಿ ನೀರಿಗೆ ತಲುಪುವ ಹೊತ್ತಿಗೆ ಆ ಹಾಳೆ ಕೋಶವನ್ನೇ ದಾಟಿಹೋಗಿರುತ್ತದೆ. ಗುಳ್ಳೆ ಎದ್ದರೂ ಮಿಡಿತ ಹೋದ ಮೇಲೆ ಏಳುವುದು. ಅದು ಯಾರ ಹಾದಿಯನ್ನೂ ಕಟ್ಟದು. ಉಳಿಯುವುದು ಎಲೆಕ್ಟ್ರಾನುಗಳ ತತ್‌ಕ್ಷಣದ ಪ್ರತಿಕ್ರಿಯೆ ಮಾತ್ರ: ಸ್ಕಾಟ್ಲೆಂಡಿನ ಜಾನ್ ಕೆರ್ 1875ರಲ್ಲಿ ಸ್ಥಿರವಿದ್ಯುತ್ತಿನಿಂದ ಕಂಡ ವಕ್ರೀಭವನದ ಬದಲಾವಣೆಯ ದ್ಯುತಿರೂಪ, ಮತ್ತು ಹಲವು ಫೋಟಾನುಗಳ ಏಕಕಾಲದ ಹೀರಿಕೆ. 800 ನ್ಯಾನೊಮೀಟರಿನ ಫೋಟಾನಿನ ಶಕ್ತಿ 1.55 ಎಲೆಕ್ಟ್ರಾನ್‌ವೋಲ್ಟಾದುದರಿಂದ ವಜ್ರದ ತಿರುಳಿಗೆ ನಾಲ್ಕು ಫೋಟಾನುಗಳು ಒಟ್ಟಿಗೆ ಬೇಕು.

ಇಲ್ಲಿ ಪ್ರಯೋಗಕಾರನನ್ನು ಕಾಡುವ ತೊಡಕುಗಳನ್ನು ಹೇಳದೆ ಹೋದರೆ ಓದುಗರಿಗೆ ಈ ಶಾಸ್ತ್ರದ ಪರಿಶ್ರಮದ ಅರಿವಾಗದು. ತೂಕದಲ್ಲಿ ನೂರಕ್ಕೆ ಒಂದು ಪಾಲು ವಜ್ರವನ್ನು ಬೆರೆಸಿದರೂ, ವಜ್ರವು ನೀರಿಗಿಂತ ಮೂರೂವರೆ ಮಡಿ ಭಾರವಾದುದರಿಂದ, ಗಾತ್ರದಲ್ಲಿ ಅದು ಸಾವಿರಕ್ಕೆ ಮೂರು ಪಾಲು. ವಜ್ರದ ಕೆರ್ ಪರಿಣಾಮವು ನೀರಿನದಕ್ಕಿಂತ ಕೆಲವು ಪಟ್ಟು ಹೆಚ್ಚಾದರೂ ಉಳಿದ 997 ಪಾಲು ನೀರಿನ ಪರಿಣಾಮದಲ್ಲಿ, ಕೋಶದ ಗಾಜಿನ ಪರಿಣಾಮದಲ್ಲಿ ಅದು ಅಡಗಿಹೋಗುವುದು. ಆದುದರಿಂದ ಬರಿಯ ನೀರನ್ನೂ ಬರಿಯ ಕೋಶವನ್ನೂ ಬೇರೆಬೇರೆಯಾಗಿ ಅಳೆದು ಕಳೆಯದೆ, ವಜ್ರದ ಹೆಸರಿನಲ್ಲಿ ಅಂಕಿಯನ್ನು ಪ್ರಕಟಿಸುವುದು ಸಲ್ಲದು. ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದುದು. ಕೆಲವು ಲೇಸರುಗಳು ಸೆಕೆಂಡಿಗೆ ಎಂಟು ಕೋಟಿ ಮಿಡಿತಗಳನ್ನು ಕಳಿಸುತ್ತವೆ. ಒಂದು ಮಿಡಿತಕ್ಕೂ ಮುಂದಿನದಕ್ಕೂ ನಡುವೆ ಹನ್ನೆರಡೂವರೆ ನ್ಯಾನೊಸೆಕೆಂಡಿನ ಬಿಡುವು. ಕಾದ ನೀರು ಕಿರಣದ ಹಾದಿಯಿಂದ ತಣಿಯಲು ಅದರ ಸಾವಿರಾರು ಪಟ್ಟು ಕಾಲ ಬೇಕು. ಹೀಗೆ ಒಂದರ ಮೇಲೊಂದು ಬಿಸಿ ಕೂಡುತ್ತ ಹೋಗಿ ಉಷ್ಣದ ಮಸೂರವೊಂದು ನಿರ್ಮಾಣವಾಗುತ್ತದೆ. ಬೇಸಗೆಯ ಮಧ್ಯಾಹ್ನದಲ್ಲಿ ಹುಣಸೂರಿನ ಹೆದ್ದಾರಿಯ ಮೇಲೆ ನೀರು ನಿಂತಂತೆ ತೋರುವ ಬಿಸಿಲ್ಗುದುರೆಗೂ ಕಾರಣ ಇದೇ: ಕಾದ ಮಾಧ್ಯಮದಲ್ಲಿ ವಕ್ರೀಭವನ ಸೂಚ್ಯಂಕ ತಗ್ಗುತ್ತದೆ. ಅದೃಷ್ಟವಶಾತ್ ಈ ಕಳ್ಳನ ಗುರುತು ಸಿಕ್ಕುತ್ತದೆ. ಎಲೆಕ್ಟ್ರಾನುಗಳಿಂದಾದುದು ಕೂಡಿಸುವ ಮಸೂರ, ನೀರಿನ ಬಿಸಿಯಿಂದಾದುದು ಚೆದರಿಸುವ ಮಸೂರ. ಚಿಹ್ನೆ ತಿರುಗಿದ್ದರೆ, ಫೆಮ್ಟೊಸೆಕೆಂಡಿನ ಲೇಸರನ್ನು ಬಳಸಿದ್ದರೂ ಅಳೆದದ್ದು ನಿಧಾನಗತಿಯ ಬಿಸಿಯನ್ನೇ ಎಂದು ತಿಳಿಯಬೇಕು.

ವಜ್ರದ ಧೂಳಿನ ಈ ಪ್ರಯೋಗಕ್ಕೆ ಅತಿ ಸಮೀಪದ ಕಾರ್ಯವು ಬೆಂಗಳೂರಿನಲ್ಲಿಯೇ ನಡೆದಿದೆ. ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ. ಎನ್. ಆರ್. ರಾವ್ ಅವರ ತಂಡವು ನ್ಯಾನೊವಜ್ರವನ್ನು 1650 ಡಿಗ್ರಿಗೂ ಮಿಗಿಲಾದ ಉಷ್ಣತೆಯಲ್ಲಿ ಹೀಲಿಯಂ ವಾತಾವರಣದಲ್ಲಿ ಕಾಯಿಸಿ, ಗ್ರಾಫೈಟಿನ ಬಿಡಿಪದರವಾದ ಗ್ರಾಫೀನನ್ನು ಪಡೆದ ವಿಧಾನವನ್ನು 2008ರಲ್ಲಿ ಇತರ ವಿಧಾನಗಳೊಡನೆ ಹೋಲಿಸಿ ವಿವರಿಸಿತು. ಮರುವರ್ಷ, ಭಾರತೀಯ ವಿಜ್ಞಾನ ಸಂಸ್ಥೆಯ ಅಜಯ್ ಸೂದ್ ಅವರೂ ರಾವ್ ಅವರೂ ಮತ್ತು ಅವರ ಸಹೋದ್ಯೋಗಿಗಳೂ ದ್ರವದಲ್ಲಿ ನಿಲಂಬಿಸಿದ ಗ್ರಾಫೀನಿನ ಮೇಲೆ ಫೆಮ್ಟೊಸೆಕೆಂಡಿನ ಮಿಡಿತಗಳನ್ನು ಹಾಯಿಸಿ ಕಂಡದ್ದು ಇದು: ತೀವ್ರತೆ ಹೆಚ್ಚಿದಂತೆ ಗ್ರಾಫೀನು ಬೆಳಕನ್ನು ಹೆಚ್ಚು ಹೀರುವುದಿಲ್ಲ, ಕಡಮೆ ಹೀರುತ್ತದೆ. ಮಿಡಿತದ ಮುಂಭಾಗವು ಎಲೆಕ್ಟ್ರಾನುಗಳನ್ನು ಮೇಲಿನ ನೆಲೆಗಳಿಗೆ ಏರಿಸಿ ಅವುಗಳನ್ನು ತುಂಬಿಬಿಡುವುದರಿಂದ ಹಿಂಭಾಗಕ್ಕೆ ಹೀರುವವರೇ ಉಳಿಯುವುದಿಲ್ಲ. ನ್ಯಾನೊವಜ್ರದ ಮೇಲಿನ ಚರ್ಮವೂ ಇದೇ ಕುಲದ ಕಾರ್ಬನ್ನೆಂಬುದನ್ನು ನೆನೆದರೆ ಈ ಫಲಿತಾಂಶದ ಬೆಲೆ ತಿಳಿಯುತ್ತದೆ. ನ್ಯಾನೊಸೆಕೆಂಡಿನಲ್ಲಿ ಮುಂಭಾಗವು ಹಿಂಭಾಗದ ಹಾದಿಯನ್ನು ಮುಚ್ಚಿತು. ಫೆಮ್ಟೊಸೆಕೆಂಡಿನಲ್ಲಿ ಮುಂಭಾಗವೇ ಹಿಂಭಾಗಕ್ಕೆ ಹಾದಿಯನ್ನು ತೆರೆಯಿತು. ಪದಾರ್ಥ ಒಂದೇ ಕುಲದ್ದು, ಉತ್ತರಗಳು ವಿರುದ್ಧ. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ರೆಜಿ ಫಿಲಿಪ್ ಅವರು ನಡೆಸಿದ ಅತಿವೇಗದ ದ್ಯುತಿವಿಜ್ಞಾನದ ಪ್ರಯೋಗಶಾಲೆಯಲ್ಲಿಯೂ ನಾನಾ ನ್ಯಾನೊಕಣಗಳ ನಿಲಂಬಿತ ದ್ರಾವಣಗಳನ್ನು ಜ಼ೆಡ್-ಸ್ಕ್ಯಾನಿನಿಂದ ಪರೀಕ್ಷಿಸಿದ್ದಾರೆ. ರಾಮನ್ ಅವರು ಸಂಗ್ರಹಿಸಿದ ವಜ್ರಗಳಿರುವ ಆವರಣವೂ ಅದೇ. ಆ ಸಂಸ್ಥೆ ನಿಂತಿರುವ ನೆಲವನ್ನು 1934ರಲ್ಲಿ ವಿಜ್ಞಾನ ಅಕಾಡೆಮಿಗೆ ಕೊಟ್ಟುದು ಮೈಸೂರು ಸರ್ಕಾರ.

ಇದರ ಪ್ರಯೋಜನವೇನೆಂದು ಕೇಳುವವರಿಗೆ ಮೊದಲ ಉತ್ತರ ಕಣ್ಣು. ಎವೆಯಿಕ್ಕಲು ನಮಗೆ ಸೆಕೆಂಡಿನ ಕಾಲುಭಾಗದಷ್ಟು ಹೊತ್ತು ಹಿಡಿಯುತ್ತದೆ. ನ್ಯಾನೊಸೆಕೆಂಡಿನ ಲೇಸರು ಮಿಡಿತವು ಅಕ್ಷಿಪಟವನ್ನು ಸುಟ್ಟು ಮುಗಿಸಿದ ಬಹಳ ಹೊತ್ತಿನ ಮೇಲೆ ರೆಪ್ಪೆ ಮುಚ್ಚುವುದು. ಸಾಮಾನ್ಯ ಬೆಳಕನ್ನು ಬಿಟ್ಟು, ಅಪಾಯದ ಬೆಳಕನ್ನು ಬಂದ ಕ್ಷಣದಲ್ಲಿಯೇ ತಡೆಯುವ ಕವಚಕ್ಕೆ ಇಂತಹ ದ್ರವಗಳು ಉಮೇದುವಾರರಾಗಿವೆ. ಆದರೆ ನ್ಯಾನೊಸೆಕೆಂಡಿಗೆ ಕವಚವಾದ ಕೋಶವು ಫೆಮ್ಟೊಸೆಕೆಂಡಿಗೆ ಕವಚವಾಗದೆಂಬುದು ಮೇಲಿನ ವಿವರಣೆಯಿಂದ ಸ್ಪಷ್ಟ. ಎರಡಕ್ಕೂ ಸಲ್ಲುವ ಒಂದೇ ದ್ರವವನ್ನು ಕಲ್ಪಿಸಬೇಕಾದರೆ ಗುಳ್ಳೆಯೆಬ್ಬಿಸುವ ಚರ್ಮವೂ ಬೇಕು, ತತ್‌ಕ್ಷಣದಲ್ಲಿ ಎರಡು ಫೋಟಾನುಗಳನ್ನು ನುಂಗುವ ಅಣುವೂ ಜತೆಗೆ ಬೇಕು. ನ್ಯಾನೊವಜ್ರದ ಮೇಲ್ಮೈಗೆ ಅಣುಗಳನ್ನು ರಾಸಾಯನಿಕವಾಗಿ ಬೆಸೆಯುವುದು ಸಾಧ್ಯವಿರುವುದರಿಂದ ಅದನ್ನೇ ಆಧಾರವಾಗಿರಿಸಿಕೊಂಡು ಸಾಗುವುದು ಸರಿಯಾದ ಮಾರ್ಗವೆಂದು ನನಗೆ ತೋರುತ್ತದೆ.

ಫೆಮ್ಟೊಸೆಕೆಂಡಿನ ಲೇಸರು ದುಬಾರಿಯಾದುದು. ತಾಲ್ಲೂಕಿನ ಕಾಲೇಜುಗಳಿಗೆ ಅದು ಎಟುಕದು. ಉಷ್ಣದ ಮಸೂರವಾದರೋ ಯಾವ ಕಾಲೇಜಿಗೂ ಎಟುಕುವಂಥದು. ಹತ್ತಾರು ಮಿಲಿವಾಟಿನ ನಿರಂತರ ಲೇಸರು, ಒಂದು ಸಾಧಾರಣ ಮಸೂರ, ಆಲ್ಕೊಹಾಲಿನಲ್ಲಿ ಬಹಳ ತೆಳುವಾಗಿ ಬೆರೆಸಿದ ಶಾಯಿ ಅಥವಾ ಬಣ್ಣ, ಮತ್ತು ಎದುರು ಗೋಡೆಯ ಮೇಲೊಂದು ಬಿಳಿಯ ಹಾಳೆ ಇದ್ದರೆ, ಲೇಸರನ್ನು ಹೊತ್ತಿಸಿದ ಸ್ವಲ್ಪ ಹೊತ್ತಿನಲ್ಲಿಯೇ ಹಾಳೆಯ ಮೇಲಣ ಚುಕ್ಕೆ ಅಗಲವಾಗಿ ಹರಡುವುದನ್ನು ವಿದ್ಯಾರ್ಥಿಗಳು ಕಣ್ಣಾರೆ ನೋಡಬಹುದು. ಬೆಳಕಿನಳೆಯೂ ರಂಧ್ರವೂ ದೊರೆತರೆ ಕೋಶವನ್ನು ಸರಿಸುತ್ತ ಉಬ್ಬುತಗ್ಗುಗಳ ರೇಖೆಯನ್ನೂ ಬರೆಯಬಹುದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರಗಳ ವಿಜ್ಞಾನ ತರಗತಿಗಳಲ್ಲಿ ಅಧ್ಯಾಪಕರು ಇದನ್ನು ಒಮ್ಮೆ ಮಾಡಿಸಲಿ. ಕಿರಣವು ಯಾರ ಕಣ್ಣಿನ ಮಟ್ಟಕ್ಕೂ ಬಾರದಂತೆ ಮೇಜನ್ನು ತಗ್ಗಿನಲ್ಲಿಟ್ಟು, ಲೇಸರಿನ ಬಣ್ಣಕ್ಕೆ ತಕ್ಕ ರಕ್ಷಣೆಯ ಕನ್ನಡಕವನ್ನು ಧರಿಸಿ, ಆಲ್ಕೊಹಾಲಿನ ಬಳಿ ಬೆಂಕಿಯಿಲ್ಲದಂತೆ ನೋಡಿಕೊಳ್ಳಲಿ.